ತಂತಿ ಅಳಿಸಿದ್ದೀರಿ, ಅದನ್ನೇ ಬರೆಯಿರಿ

ನಮಸ್ಕಾರ,

ನಿಸರ್ಗ ಛಾಯಾಚಿತ್ರಗಳ ಕಂಪ್ಯೂಟರ್ ತಿದ್ದುಪಡಿ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿಯೇ ಹೇಳುತ್ತೇನೆ.

ಫಿಲ್ಮ್ ಕಾಲದಲ್ಲಿ ಕ್ಯಾಮೆರಾ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತಿತ್ತು, ಫೋಟೋಶಾಪ್ ಬಂದು ಎಲ್ಲ ಕೆಟ್ಟಿತು ಅನ್ನುತ್ತೀರಿ. ಈ ಬುನಾದಿಯೇ ನಿಲ್ಲುವುದಿಲ್ಲ. 1850ರ ದಶಕದಲ್ಲೇ ಫ್ರಾನ್ಸಿನ ಛಾಯಾಗ್ರಾಹಕ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ, ಎರಡೂ ಸೇರುವ ಗೆರೆಯಲ್ಲಿ ಜೋಡಿಸಿ ಪ್ರಿಂಟ್ ಹಾಕಿದರು. ಶೋಕಿಗೆ ಮಾಡಿದ್ದಲ್ಲ. ಆಗ ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಜಾಸ್ತಿ ತಾಗುತ್ತಿತ್ತು. ಕಡಲು ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಬರೀ ಬಿಳಿ. ಒಂದೇ ಮೋಡವನ್ನು ಬೇರೆ ಬೇರೆ ಕಡಲಿನ ಮೇಲೆ ಕೂರಿಸಿದ್ದೂ ಉಂಟು! ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ಹೆರ್ನಾಂಡಿಸ್ ಎಂಬ ಊರಿನಲ್ಲಿ ತೆಗೆದ ಚಂದ್ರೋದಯದ ಚಿತ್ರದ ಆಕಾಶವೂ ಅಷ್ಟೇ, ವರ್ಷ ಕಳೆದಂತೆ ಹೊಸ ಪ್ರಿಂಟ್ ಹಾಕುವಾಗ ಅವರೇ ಡಾರ್ಕ್‌ರೂಮಿನಲ್ಲಿ ಅದನ್ನು ಕಪ್ಪು ಮಾಡುತ್ತಾ ಹೋದರು.

ನೋಡುವವರಿಗೆ ಏನೆಂದು ಹೇಳಿ ತೋರಿಸಿದರು ಅನ್ನುವ ಪ್ರಶ್ನೆಯನ್ನು ನೀವು ಕೇಳಿಯೇ ಇಲ್ಲ. 1982ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ತನ್ನ ಮುಖಪುಟದ ಅಳತೆಗೆ ಹೊಂದಿಸಲು ಗೀಜಾದ ಪಿರಮಿಡ್‌ಗಳನ್ನು ಹತ್ತಿರ ಸರಿಸಿ ಬೈಸಿಕೊಂಡಿತು. ಜರ್ಮನಿಯ ಛಾಯಾಗ್ರಾಹಕ ಆಂಡ್ರಿಯಾಸ್ ಗುರ್ಸ್ಕಿ 1999ರ ರೈನ್ ನದಿಯ ಚಿತ್ರದಲ್ಲಿ ಆಚೆ ದಡದ ಕಟ್ಟಡಗಳನ್ನೇ ಒರೆಸಿಹಾಕಿದರು, ಅದನ್ನು ಮುಚ್ಚಿಡಲೂ ಇಲ್ಲ. 2011ರ ಹರಾಜಿನಲ್ಲಿ ಅದರ ಒಂದು ಪ್ರಿಂಟ್ 43 ಲಕ್ಷ ಡಾಲರ್ ದಾಟಿತು. ಸುದ್ದಿಪತ್ರಿಕೆಯಂತೆ ನಂಬಿಸುವ ಚಿತ್ರ ಒಂದು, ಕಲೆಯೆಂದೇ ಗೋಡೆಗೆ ಹಾಕಿದ ಚಿತ್ರ ಇನ್ನೊಂದು. ಎರಡಕ್ಕೂ ಒಟ್ಟಿಗೆ ‘ಮೋಸ’ ಅಂತ ಮುದ್ರೆ ಒತ್ತಿದರೆ ಹೇಗೆ?

ಇನ್ನು ಆ ಏಳನೇ ಪ್ಯಾರಾ. ‘ನಾನೂ ಒಮ್ಮೆ ಕರೆಂಟ್ ತಂತಿ ಅಳಿಸಿದ್ದೆ’ ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಜೊತೆಗೆ ಕಳಿಸಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಆಕಾಶದಲ್ಲಿ ತಂತಿ ಇಲ್ಲ, ಕೆರೆಯ ನೀರಿನಲ್ಲಿ ಅದರ ಬಿಂಬ ಹಾಗೇ ಇದೆ! (ಬೈಯುತ್ತಿಲ್ಲ, ನನಗೆ ಖುಷಿಯೇ ಆಯಿತು.) ನಿಮ್ಮ ಲೇಖನ ಇರುವುದು ಅಲ್ಲಿ. ತಂತಿ ಯಾಕೆ ಬೇಡವಾಯಿತು? ಆ ಜಾಗಕ್ಕೆ ಮೋಡವನ್ನು ಎಲ್ಲಿಂದ ತಂದು ತುಂಬಿದಿರಿ? ಉಳಿಸಿದ್ದರೆ ಚಿತ್ರ ನಿಜಕ್ಕೂ ಕೆಡುತ್ತಿತ್ತಾ? ಪ್ರದರ್ಶನಕ್ಕೆ ಇಟ್ಟರೆ ಪಕ್ಕದ ಚೀಟಿಯಲ್ಲಿ ಏನು ಬರೆಯುತ್ತೀರಿ?

ಮೊದಲ ನಾಲ್ಕು ಪ್ಯಾರಾ ತೆಗೆದುಬಿಡಿ. ‘ಕಲೆಯ ಆತ್ಮ’, ‘ನಿಸರ್ಗದ ಮಡಿಲು’ ಎಲ್ಲ ಅಲ್ಲಿ ಸುಮ್ನೆ ಜಾಗ ತಿನ್ನುತ್ತಿವೆ. ತಂತಿಯಿಂದಲೇ ಶುರು ಮಾಡಿ, ಅರ್ಧದಷ್ಟು ಬರೆದರೂ ಸಾಕು. ತಿದ್ದುವ ಮೊದಲಿನ ಫೈಲ್ ಉಳಿದಿದ್ದರೆ ಅದನ್ನೂ ಕಳಿಸಿ, ಎರಡನ್ನೂ ಅಕ್ಕಪಕ್ಕ ಹಾಕೋಣ. ನೀರಿನಲ್ಲಿರುವ ಬಿಂಬವನ್ನು ಮಾತ್ರ ಈಗ ಅಳಿಸಲು ಹೋಗಬೇಡಿ.

ಇಂತಿ,
ಸಂಪಾದಕ