ಸ್ಕಾಟ್ಲೆಂಡ್, ಉತ್ತರ ಇಂಗ್ಲೆಂಡ್ ಹತ್ತು ರಾತ್ರಿ: ಸ್ಕೈ ಬಿಡಿ, ಯಾರ್ಕ್ ಇಟ್ಟುಕೊಳ್ಳಿ

ಮೇಡಂ, ನಿಮ್ಮ ಪ್ಲಾನ್ ಓದಿದೆ. ಮೇ ತಿಂಗಳಲ್ಲಿ ಹತ್ತು ರಾತ್ರಿ. ನೀವಿಬ್ಬರು, ಆರು ಮತ್ತು ಹನ್ನೊಂದು ವರ್ಷದ ಮಕ್ಕಳು, ಮಂಡಿ ನೋವಿರುವ ನಿಮ್ಮ ಅತ್ತೆ, ರೈಲ್ವೆಯಿಂದ ನಿವೃತ್ತರಾದ ಮಾವ. ಎಲ್ಲರೂ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಎಡಿನ್‌ಬರಾ, ಇನ್ವರ್ನೆಸ್, ಸ್ಕೈ, ಗ್ಲಾಸ್ಗೋ, ಲೇಕ್ ಡಿಸ್ಟ್ರಿಕ್ಟ್, ಯಾರ್ಕ್, ಮ್ಯಾಂಚೆಸ್ಟರ್ ಅಂತ ಏಳು ಊರು ಹಾಕಿದ್ದೀರಿ. ನಾನಿರುವುದು ನ್ಯೂಕಾಸಲ್ ಕಡೆ. ಊರಿಂದ ಬರುವ ನೆಂಟರನ್ನು ಸುತ್ತಿಸುವುದು ಇದೇ ದಾರಿಗಳಲ್ಲಿ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಏಳು ಊರು ಜಾಸ್ತಿಯಾಯಿತು. ಸ್ಕೈ ಮತ್ತು ಇನ್ವರ್ನೆಸ್ ಎರಡನ್ನೂ ತೆಗೆದುಹಾಕಿ. ಮ್ಯಾಪಿನಲ್ಲಿ ಸ್ಕೈ ದ್ವೀಪ ಹತ್ತಿರ ಕಾಣುತ್ತದೆ. ಆದರೆ ಎಡಿನ್‌ಬರಾದಿಂದ ಅಲ್ಲಿನ ಮುಖ್ಯ ಊರು ಪೋರ್ಟ್ರಿಗೆ ಹೋಗಲಿಕ್ಕೇ ಐದೂವರೆ ಗಂಟೆ ಬೇಕು, ಅದೂ ಎಲ್ಲೂ ನಿಲ್ಲಿಸದೆ ಹೋದರೆ. ಅಲ್ಲಿಗೆ ಹೋದ ಮೇಲೂ ಓಲ್ಡ್ ಮ್ಯಾನ್ ಆಫ್ ಸ್ಟಾರ್, ಫೇರಿ ಪೂಲ್ಸ್ ಎಲ್ಲ ಗುಡ್ಡ ಹತ್ತಿ, ಕಲ್ಲು ದಾಟಿ ನೋಡುವಂಥವು. ನಿಮ್ಮ ಅತ್ತೆಯವರು ಕಾರಿನಲ್ಲೇ ಕೂತಿರಬೇಕಾಗುತ್ತದೆ. ಸ್ಕೈಗೆ ಬೇರೆಯಾಗಿ ನಾಲ್ಕು ದಿನ ಇಟ್ಟುಕೊಂಡು, ಮಕ್ಕಳು ದೊಡ್ಡವರಾದ ಮೇಲೆ ಬನ್ನಿ.

ನಾನು ಹೇಳುವ ಲೆಕ್ಕ ಹೀಗಿದೆ. ಎಡಿನ್‌ಬರಾ ಮೂರು ರಾತ್ರಿ, ಸ್ಕಾಟ್ಲೆಂಡಿನ ಬೆಟ್ಟಸೀಮೆ ಹೈಲ್ಯಾಂಡ್ಸ್‌ನಲ್ಲಿ ಗ್ಲೆನ್‌ಕೋ ಕಣಿವೆ ಅಥವಾ ಫೋರ್ಟ್ ವಿಲಿಯಂ ಎರಡು, ಲೇಕ್ ಡಿಸ್ಟ್ರಿಕ್ಟ್ ಮೂರು, ಯಾರ್ಕ್ ಎರಡು. ವಿಮಾನ ಎಡಿನ್‌ಬರಾದಲ್ಲಿ ಇಳಿದು ಮ್ಯಾಂಚೆಸ್ಟರ್‌ನಿಂದ ಹತ್ತುವ ಹಾಗೆ ಒಂದೇ ಟಿಕೆಟ್ಟಿನಲ್ಲಿ ಬುಕ್ ಮಾಡಿ. ಗಲ್ಫ್ ಮೂಲಕ ಬರುವವರಿಗೆ ಇದು ಸುಲಭ. ಬಂದ ದಾರಿಯಲ್ಲೇ ವಾಪಸ್ ಹೋಗುವ ಒಂದು ದಿನ ಉಳಿಯುತ್ತದೆ.

ಮೇ ತಿಂಗಳು ಆರಿಸಿದ್ದು ಒಳ್ಳೆಯದೇ ಆಯಿತು. ನಮ್ಮ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಇಲ್ಲಿನ ಶಾಲೆಗಳ ಬೇಸಿಗೆ ರಜೆ ಇನ್ನೂ ಶುರುವಾಗಿರುವುದಿಲ್ಲ. ಹೈಲ್ಯಾಂಡ್ಸ್‌ನ ಕುಖ್ಯಾತ ನುಸಿ, ಇಲ್ಲಿ ಮಿಡ್ಜ್ ಅನ್ನುತ್ತಾರೆ, ಸಾಮಾನ್ಯವಾಗಿ ಮೇ ಕೊನೆಯಿಂದ ಏಳುತ್ತದೆ. ಅಷ್ಟರೊಳಗೆ ನೀವು ಕೆಳಗಿಳಿದಿರುತ್ತೀರಿ. ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಒಂದೇ ಎಚ್ಚರಿಕೆ: ಮೇ ಮೊದಲ ಮತ್ತು ಕೊನೆಯ ಸೋಮವಾರ ಇಂಗ್ಲೆಂಡಿನಲ್ಲಿ ಬ್ಯಾಂಕ್ ಹಾಲಿಡೇ, ಅಂದರೆ ಎಲ್ಲರಿಗೂ ಸಾರ್ವಜನಿಕ ರಜೆ. ಆ ಶನಿವಾರ, ಭಾನುವಾರಗಳಲ್ಲಿ ಲೇಕ್ ಡಿಸ್ಟ್ರಿಕ್ಟ್ ಕಡೆ ಹೋಗಬೇಡಿ. ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಆಗಸ್ಟ್‌ಗೆ ಮುಂದೂಡುವ ಯೋಚನೆ ಇದ್ದರೆ ಬಿಡಿ. ಆಗ ಎಡಿನ್‌ಬರಾದಲ್ಲಿ ಫ್ರಿಂಜ್ ಅನ್ನುವ ನಾಟಕ, ಕಲೆಗಳ ದೊಡ್ಡ ಹಬ್ಬ, ಹೋಟೆಲ್ ರೇಟು ಕೇಳಿದರೆ ತಲೆ ತಿರುಗುತ್ತದೆ.

ಎಡಿನ್‌ಬರಾದಲ್ಲಿ ಕಾರು ಬೇಡವೇ ಬೇಡ. ಏರ್‌ಪೋರ್ಟಿನಿಂದಲೇ ಟ್ರಾಮ್ ಇದೆ, ಅರ್ಧ ಗಂಟೆ ಚಿಲ್ಲರೆಯಲ್ಲಿ ಊರ ನಡುವೆ ಇಳಿಸುತ್ತದೆ. ಹೋಟೆಲ್ ಹುಡುಕುವಾಗ ಹಳೆ ಊರಿನ ಮುಖ್ಯ ಬೀದಿ ರಾಯಲ್ ಮೈಲ್‌ನ ಫೋಟೋ ನೋಡಿ ಮರುಳಾಗಬೇಡಿ. ಅಲ್ಲಿಗೆ ಸೇರುವ ಓಣಿಗಳಲ್ಲಿ ಬರೀ ಮೆಟ್ಟಿಲು. ಹೇಮಾರ್ಕೆಟ್ ಸುತ್ತ, ಟ್ರಾಮ್ ಲೈನಿನ ಹತ್ತಿರ ಹಿಡಿಯಿರಿ. ಕೋಟೆಯ ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ತೆಗೆದುಕೊಳ್ಳಿ. ಒಳಗೆಲ್ಲ ಏರು ದಾರಿ, ಉರುಟು ಕಲ್ಲುಹಾಸು. ನಡೆಯಲು ಕಷ್ಟವಿರುವವರಿಗೆ ಇರುವ ವ್ಯವಸ್ಥೆ ಬಗ್ಗೆ ಬುಕ್ ಮಾಡುವಾಗಲೇ ವಿಚಾರಿಸಿ. ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ ಒಂದಕ್ಕೆ ಅಲ್ಲಿ ಫಿರಂಗಿ ಹಾರಿಸುತ್ತಾರೆ, 1861ರಿಂದ ಬಂದ ಪದ್ಧತಿ. ಮಕ್ಕಳಿಗೆ ಅದು ಸಾಕು. ನ್ಯಾಷನಲ್ ಮ್ಯೂಸಿಯಂ ಉಚಿತ, ಲಿಫ್ಟ್ ಇದೆ, ಮಳೆ ಬಂದರೆ ಅರ್ಧ ದಿನ ಅಲ್ಲೇ ಕಳೆಯಬಹುದು. ಬಂದರು ಪ್ರದೇಶ ಲೀತ್‌ನಲ್ಲಿ ನಿಂತಿರುವ ರಾಣಿಯ ಹಳೆಯ ಹಡಗು ಬ್ರಿಟಾನಿಯಾಗೂ ಟ್ರಾಮ್ ಹೋಗುತ್ತದೆ, ಹಡಗು ನೋಡಲು ಲಿಫ್ಟ್ ಸಹ ಇದೆ. ನಿಮ್ಮ ಮಾವನವರನ್ನು ಮಾತ್ರ ಒಂದು ಸಂಜೆ ಲೋಕಲ್ ರೈಲಿನಲ್ಲಿ ನಾರ್ತ್ ಕ್ವೀನ್ಸ್‌ಫೆರಿಗೆ ಕರೆದುಕೊಂಡು ಹೋಗಿ. ಆ ರೈಲು 1890ರಲ್ಲಿ ತೆರೆದ ಫೋರ್ತ್ ಸೇತುವೆಯ ಮೇಲೇ ಹೋಗುತ್ತದೆ. ಆಚೆ ದಡದಲ್ಲಿ ಇಳಿದು ಕೆಳಗಿನಿಂದ ನೋಡಿದರೆ ಅದರ ಗಾತ್ರ ಗೊತ್ತಾಗುವುದು.

ನಾಲ್ಕನೇ ದಿನ ಬೆಳಿಗ್ಗೆ ಕಾರು ತೆಗೆದುಕೊಳ್ಳಿ. ಏಳು ಸೀಟಿನದು ಬೇಡ. ಹಿಂದಿನ ಸಾಲು ಎತ್ತಿದ ಮೇಲೆ ಡಿಕ್ಕಿಯೇ ಇರುವುದಿಲ್ಲ, ಆರು ಜನರ ಸೂಟ್‌ಕೇಸ್ ಎಲ್ಲಿಡುತ್ತೀರಿ? ಒಂಬತ್ತು ಸೀಟಿನ ವ್ಯಾನ್ ಕೇಳಿ, ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು. ನಮ್ಮ ಲೈಸೆನ್ಸ್ ಇಲ್ಲಿ ಒಂದು ವರ್ಷದವರೆಗೆ ನಡೆಯುತ್ತದೆ. ಆಟೋಮ್ಯಾಟಿಕ್ ಬೇಕಾದರೆ ಈಗಲೇ ಬುಕ್ ಮಾಡಿ, ದೊಡ್ಡ ಗಾಡಿಗಳಲ್ಲಿ ಅದು ಕಡಿಮೆ. ಗಾಡಿ ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ಹನ್ನೆರಡು ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳಿಗೆ ಚೈಲ್ಡ್ ಸೀಟು ಕಡ್ಡಾಯ. ದೊಡ್ಡ ಮಗುವಿನ ಎತ್ತರ ಒಮ್ಮೆ ಅಳೆದುಬಿಡಿ. ನಮ್ಮ ಹಾಗೆ ಎಡಗಡೆಯೇ ಓಡಿಸುವುದು. ಆದರೆ ರೌಂಡ್‌ಅಬೌಟಿನಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಲೇಬೇಕು. ಹಾರ್ನ್ ಮರೆತುಬಿಡಿ, ಇಲ್ಲಿ ಅದು ಬೈದ ಹಾಗೆ.

ಎಡಿನ್‌ಬರಾದಿಂದ ಗ್ಲೆನ್‌ಕೋ ಮೂರು ಗಂಟೆ ದಾರಿ. ನಡುವೆ ಫಾಲ್‌ಕರ್ಕ್ ವೀಲ್ ಹತ್ತಿರ ನಿಲ್ಲಿಸಿ. ದೋಣಿಗಳನ್ನು ಒಂದು ಕಾಲುವೆಯಿಂದ ಎತ್ತಿ ಮೇಲಿನ ಕಾಲುವೆಗೆ ಬಿಡುವ ಯಂತ್ರ ಅದು, 2002ರದು. ಆಮೇಲೆ ಸ್ಟರ್ಲಿಂಗ್, ಕ್ಯಾಲಂಡರ್ ದಾಟಿ ಮೇಲಕ್ಕೆ. ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಅನ್ನುತ್ತಾರಲ್ಲ, ಗ್ಲೆನ್‌ಕೋ ನೋಡಿದಾಗ ನನಗೆ ಆ ಮಾತು ನಿಜ ಅನಿಸಿಲ್ಲ. ಇಲ್ಲಿ ಮರವೇ ಅಪರೂಪ, ಬರೀ ಹುಲ್ಲು, ಬಂಡೆ. ಕುದುರೆಮುಖ ಅಂದಿದ್ದರೆ ಒಪ್ಪಬಹುದಿತ್ತು. ಇಲ್ಲಿ ಎಲ್ಲವೂ ರಸ್ತೆ ಪಕ್ಕದಿಂದಲೇ ಕಾಣುತ್ತದೆ, ಮಂಡಿ ನೋವಿನವರಿಗೆ ಇದಕ್ಕಿಂತ ಒಳ್ಳೆಯ ಜಾಗ ಹೈಲ್ಯಾಂಡ್ಸ್‌ನಲ್ಲಿ ಕಡಿಮೆ.

ಮಕ್ಕಳು ಹ್ಯಾರಿ ಪಾಟರ್ ಸೇತುವೆ ಕೇಳಿದ್ದಾರೆ ಅಂದಿರಿ. ಅದು ಗ್ಲೆನ್‌ಫಿನ್ನನ್ ಸೇತುವೆ, 21 ಕಮಾನು. ಅದರ ಮೇಲೆ ಹೋಗುವ ಜಾಕೊಬೈಟ್ ಉಗಿ ರೈಲಿನ ಟಿಕೆಟ್ ದುಬಾರಿ, ಬೇಗ ಖಾಲಿಯೂ ಆಗುತ್ತದೆ. ಸಿಗದಿದ್ದರೆ ಚಿಂತೆ ಬೇಡ. ಫೋರ್ಟ್ ವಿಲಿಯಂನಿಂದ ಮಲೇಗ್‌ಗೆ ಹೋಗುವ ಸಾಮಾನ್ಯ ರೈಲೂ ಅದೇ ಹಳಿಯ ಮೇಲೆ, ಅದೇ ಸೇತುವೆ ದಾಟುತ್ತದೆ. ಹೋಗುವಾಗ ಎಡಗಡೆ ಕೂರಿ. ರೈಲುಗಳು ದಿನಕ್ಕೆ ಕೆಲವೇ ಇವೆ, ಬೆಳಗಿನದನ್ನು ಹಿಡಿದರೆ ಮಧ್ಯಾಹ್ನಕ್ಕೆ ವಾಪಸ್. ಉಳಿದ ಹೊತ್ತಿನಲ್ಲಿ ಮುಕ್ಕಾಲು ಗಂಟೆ ಓಡಿಸಿ ಫೋರ್ಟ್ ಅಗಸ್ಟಸ್‌ಗೆ ಹೋಗಿ. ಲಾಕ್ ನೆಸ್ ಸರೋವರದ ಈ ಕಡೆಯ ತುದಿ ಅದು. ಅದರಲ್ಲಿದೆ ಅನ್ನುವ ಕಥೆಯ ದೈತ್ಯ ಪ್ರಾಣಿ ನೆಸ್ಸಿಯನ್ನು ಇಲ್ಲಿಂದಲೂ ಹುಡುಕಬಹುದು, ಇನ್ವರ್ನೆಸ್ ತನಕ ಯಾಕೆ ಹೋಗಬೇಕು?

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಚಿಪ್ಸ್ ತಾನೇ, ಆಲೂಗಡ್ಡೆ ತಾನೇ ಅಂದುಕೊಳ್ಳಬೇಡಿ. ಉತ್ತರ ಇಂಗ್ಲೆಂಡಿನಲ್ಲಿ, ಅದರಲ್ಲೂ ಯಾರ್ಕ್‌ಷೈರ್ ಕಡೆ, ಎಷ್ಟೋ ಫಿಶ್ ಅಂಡ್ ಚಿಪ್ಸ್ ಅಂಗಡಿಗಳು ದನದ ಕೊಬ್ಬಿನಲ್ಲೇ ಕರಿಯುತ್ತವೆ. ಎಣ್ಣೆ ಯಾವುದು ಅಂತ ಕೇಳಿಯೇ ತೆಗೆದುಕೊಳ್ಳಿ. ಸ್ಕಾಟ್ಲೆಂಡಿನ ಬೇಳೆ ಸೂಪು ನೋಡಲು ನಮ್ಮ ತೊವ್ವೆಯಂತೆಯೇ ಇರುತ್ತದೆ, ಆದರೆ ಹಂದಿ ಮೂಳೆಯ ನೀರಿನಲ್ಲಿ ಮಾಡುವ ರೂಢಿ ಇದೆ. ಮಕ್ಕಳ ಜೆಲ್ಲಿ ಮಿಠಾಯಿಯಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ ಜೆಲಾಟಿನ್ ಇರುತ್ತದೆ. ವೆಜಿಟೇರಿಯನ್ ಅಂತ ಬರೆದಿದ್ದರೆ ಮೊಟ್ಟೆ ಇರಬಹುದು. ನಿಮಗೆ ಬೇಕಾದ್ದು ವೀಗನ್ ಗುರುತು, ಅಂದರೆ ಪ್ರಾಣಿಜನ್ಯವಾದದ್ದು ಏನೂ ಇಲ್ಲದ್ದು. ಕುರಿಯ ಒಳಾಂಗಗಳಿಂದ ಮಾಡುವ ಸ್ಕಾಟ್ಲೆಂಡಿನ ಹ್ಯಾಗಿಸ್‌ನಲ್ಲೂ ಓಟ್ಸ್, ಬೇಳೆ ಹಾಕಿದ ಸಸ್ಯಾಹಾರಿ ಬಗೆ ಸಿಗುತ್ತದೆ, ಖಾರ ಇಷ್ಟಪಡುವವರಿಗೆ ಹಿಡಿಸುತ್ತದೆ. ಸಣ್ಣ ಊರುಗಳಲ್ಲಿ ಪಬ್ಬಿನ ಅಡುಗೆಮನೆ ರಾತ್ರಿ ಎಂಟು, ಎಂಟೂವರೆಗೆ ಮುಚ್ಚುತ್ತದೆ. ನಮ್ಮವರು ಒಂಬತ್ತಕ್ಕೆ ಊಟಕ್ಕೆ ಏಳುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಅದಕ್ಕೇ ಗ್ಲೆನ್‌ಕೋ ಮತ್ತು ಲೇಕ್ ಡಿಸ್ಟ್ರಿಕ್ಟ್ ಎರಡರಲ್ಲೂ ಅಡುಗೆಮನೆ ಇರುವ ಮನೆ ಹಿಡಿಯಿರಿ. ಸಾರಿನ ಪುಡಿ, ಅವಲಕ್ಕಿ, ರವೆ, ಚಟ್ನಿಪುಡಿ ತನ್ನಿ. ತುಪ್ಪ, ಪೇಡ, ಹಾಲಿನ ಸಿಹಿ ತರಬೇಡಿ, ಭಾರತದಿಂದ ಹಾಲಿನ ಪದಾರ್ಥ ತರಲು ಇಲ್ಲಿ ಬಿಡುವುದಿಲ್ಲ. ತುಪ್ಪ ಇಲ್ಲಿನ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲೇ ಸಿಗುತ್ತದೆ.

ಗ್ಲಾಸ್ಗೋ ನಿಮ್ಮ ಪಟ್ಟಿಯಲ್ಲಿದೆ. ಕೆಳಗಿಳಿಯುವಾಗ ಊಟಕ್ಕೆ ನಿಲ್ಲಿಸಿ, ಸಾಕು. ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ವಿಂಡರ್‌ಮಿಯರ್‌ಗಿಂತ ಕೆಸಿಕ್‌ನಲ್ಲಿ ಉಳಿಯಿರಿ. ಡರ್ವೆಂಟ್ ವಾಟರ್ ಸುತ್ತುವ ದೋಣಿ, ಫ್ರೈಯರ್ಸ್ ಕ್ರ್ಯಾಗ್‌ವರೆಗಿನ ಸಮತಟ್ಟು ದಾರಿ, ಹತ್ತಿರವೇ ಕ್ಯಾಸಲ್‌ರಿಗ್ ಕಲ್ಲಿನ ವೃತ್ತ. ಯಾವುದಕ್ಕೂ ಗುಡ್ಡ ಹತ್ತಬೇಕಿಲ್ಲ. ಪಕ್ಕದ ಕಣಿವೆಯ ಸೀತ್‌ವೇಟ್ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಹಳ್ಳಿ, ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು. ಆಗುಂಬೆ ನೋಡಿದವರು ನಗುತ್ತೀರಿ, ಗೊತ್ತು. ಆದರೆ ಇಲ್ಲಿ ಮಳೆಗಿಂತ ಗಾಳಿ ಕಷ್ಟ. ಛತ್ರಿ ಬಿಟ್ಟು ಟೋಪಿ ಇರುವ ರೇನ್‌ಕೋಟ್ ತನ್ನಿ. ಇನ್ನೊಂದು ಮಾತು: ಮ್ಯಾಪ್ ನಿಮ್ಮನ್ನು ಹಾರ್ಡ್‌ನಾಟ್ ಪಾಸ್ ಅನ್ನುವ ಘಾಟಿ ರಸ್ತೆಯ ಮೇಲೆ ಕಳಿಸಲು ನೋಡಿದರೆ ಒಪ್ಪಬೇಡಿ. ಮೂರು ಅಡಿ ಮುಂದೆ ಹೋದರೆ ಒಂದು ಅಡಿ ಏರು, ಒಂದೇ ಗಾಡಿಯ ಅಗಲ. ಒಂಬತ್ತು ಸೀಟಿನ ವ್ಯಾನ್ ತೆಗೆದುಕೊಂಡು ಹೋಗುವ ಜಾಗ ಅಲ್ಲ.

ಕೆಸಿಕ್‌ನಿಂದ ಯಾರ್ಕ್‌ಗೆ ಹೊರಟ ದಿನ ಸ್ವಲ್ಪ ಸುತ್ತು ಹಾಕಿ ಹೇಡ್ರಿಯನ್ ಗೋಡೆ ನೋಡಿಕೊಂಡು ಹೋಗಿ. ಕ್ರಿ.ಶ. 122ರಲ್ಲಿ ರೋಮನ್ನರು ಶುರು ಮಾಡಿದ್ದು, ಕಡಲಿಂದ ಕಡಲಿಗೆ 117 ಕಿಲೋಮೀಟರ್. ಅದನ್ನು ನೋಡಲು ಎಲ್ಲರೂ ಹೌಸ್‌ಸ್ಟೆಡ್ಸ್ ಕೋಟೆ ಹೇಳುತ್ತಾರೆ. ಅಲ್ಲಿ ಕಾರ್ ಪಾರ್ಕಿನಿಂದ ಗುಡ್ಡ ಹತ್ತಬೇಕು. ನೀವು ಬರ್ಡೋಸ್ವಾಲ್ಡ್‌ಗೆ ಹೋಗಿ, ಗೋಡೆ ಅಲ್ಲಿ ಉದ್ದಕ್ಕೆ ಉಳಿದಿದೆ, ನಡಿಗೆಯೂ ಕಡಿಮೆ.

ಯಾರ್ಕ್ ಮುಟ್ಟಿದ ಕೂಡಲೇ ಗಾಡಿ ವಾಪಸ್ ಕೊಟ್ಟುಬಿಡಿ. ನ್ಯಾಷನಲ್ ರೈಲ್ವೆ ಮ್ಯೂಸಿಯಂ ಸ್ಟೇಷನ್ ಪಕ್ಕದಲ್ಲೇ ಇದೆ, ಪ್ರವೇಶ ಉಚಿತ. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಉಗಿ ಎಂಜಿನ್ನುಗಳ ದಾಖಲೆ ಮಾಡಿದ ಮ್ಯಾಲರ್ಡ್ ಅಲ್ಲೇ ಇದೆ. ಮಾವನವರನ್ನು ಅರ್ಧ ದಿನ ಅಲ್ಲಿ ಬಿಟ್ಟು ನೀವು ಮಿನ್‌ಸ್ಟರ್ ಅನ್ನುವ ದೊಡ್ಡ ಚರ್ಚು ಮತ್ತು ಶ್ಯಾಂಬಲ್ಸ್ ಅನ್ನುವ ಹಳೆಯ ಓಣಿ ನೋಡಿಕೊಂಡು ಬನ್ನಿ. ಯಾರ್ಕ್‌ನಿಂದ ಮ್ಯಾಂಚೆಸ್ಟರ್ ಏರ್‌ಪೋರ್ಟಿಗೆ ನೇರ ರೈಲಿದೆ, ಸುಮಾರು ಎರಡು ಗಂಟೆ. ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಮಾಡಿಸಿದರೆ ನಾಲ್ಕು ದೊಡ್ಡವರಿಗೆ ಮೂರರಲ್ಲಿ ಒಂದು ಭಾಗ, ಮಕ್ಕಳಿಗೆ ಶೇಕಡಾ 60 ಕಡಿತ. ನಿಮ್ಮ ಮನೆಮಂದಿ ಸರಿಯಾಗಿ ಅದರೊಳಗೆ ಕೂರುತ್ತೀರಿ. ಭಾನುವಾರ ಹಳಿ ದುರಸ್ತಿಗೆಂದು ರೈಲಿನ ಬದಲು ಬಸ್ ಬಿಡುವುದು ಇಲ್ಲಿ ಮಾಮೂಲು, ಹಾಗಾಗಿ ವಾಪಸ್ ವಿಮಾನ ವಾರದ ದಿನಕ್ಕೆ ಸಿಕ್ಕರೆ ಒಳ್ಳೆಯದು. ವಿಮಾನ ಬೆಳಿಗ್ಗೆ ಹತ್ತಕ್ಕೂ ಮುಂಚೆ ಇದ್ದರೆ ಕೊನೆಯ ರಾತ್ರಿ ಯಾರ್ಕ್ ಬೇಡ, ಏರ್‌ಪೋರ್ಟ್ ಹತ್ತಿರವೇ ಉಳಿಯಿರಿ. ಹೊತ್ತು ತಿಳಿಸಿ, ರೈಲು ನೋಡಿ ಹೇಳುತ್ತೇನೆ.