ನೋಡದೇ ತೆಗೆದ ಫೋಟೋ ಯಾರ ಲೆಕ್ಕಕ್ಕೆ?

ಪ್ರಶ್ನೆ: ನಮ್ಮೂರ ತೇರಿನಲ್ಲಿ ಜನ ರಥಕ್ಕೆ ಬಾಳೆಹಣ್ಣು ಎಸೆಯುವಾಗ ಒಂದು ಫೋಟೋ ತೆಗೆದೆ. ನಾನು ನೋಡಿದ್ದು ಮೇಲೆದ್ದ ಕೈಗಳನ್ನು ಮಾತ್ರ. ಆದರೆ ಎಲ್ಲರೂ ಮೂಲೆಯಲ್ಲಿ ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿರುವ ಮಗುವನ್ನೇ ಹೊಗಳುತ್ತಿದ್ದಾರೆ. ಅದನ್ನು ನಾನು ಗಮನಿಸಿಯೇ ಇರಲಿಲ್ಲ! ಈ ಹೊಗಳಿಕೆ ತಗೊಳ್ಳೋದು ಸರೀನಾ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಖಂಡಿತ ತಗೊಳ್ಳಿ. ಫ್ರಾನ್ಸಿನ ಫೋಟೋಗ್ರಾಫರ್ ಆನ್ರಿ ಕಾರ್ತಿಯೇ-ಬ್ರೆಸಾನ್ 1932ರಲ್ಲಿ ಪ್ಯಾರಿಸ್‌ನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ತೆಗೆದ ಫೋಟೋ ನೋಡಿದ್ದೀರಾ? ನೀರು ನಿಂತ ಜಾಗ ದಾಟಲು ಒಬ್ಬ ಹಾರಿದ್ದಾನೆ. ಹಲಗೆ ಬೇಲಿಯ ಸಂದಿಗೆ ಕ್ಯಾಮೆರಾ ಒಡ್ಡಿ ತೆಗೆದದ್ದು ಅದು. ಸಂದಿ ಲೆನ್ಸಿಗೇ ಸಾಲದಷ್ಟು ಕಿರಿದು, ಎಡಗಡೆ ಹಲಗೆ ಅಡ್ಡ ಬಂದು ಆಮೇಲೆ ಆ ಭಾಗವನ್ನು ಕತ್ತರಿಸಬೇಕಾಯಿತು. ಅವನು ಹಾರಿದ್ದು ತಮಗೆ ಕಾಣಲೇ ಇಲ್ಲ, ಅದೆಲ್ಲ ಅದೃಷ್ಟ ಅಂತ ಎಷ್ಟೋ ವರ್ಷಗಳ ಮೇಲೆ ಅವರೇ ಹೇಳಿದರು.

ಈಗ ಆ ಚಿತ್ರದ ಹಿಂಬದಿ ನೋಡಿ. ಗೋಡೆಯ ಪೋಸ್ಟರ್‌ನಲ್ಲಿ ಪುಟ್ಟದಾಗಿ ಒಬ್ಬ ನರ್ತಕಿ, ಅವಳೂ ಹಾರುತ್ತಿದ್ದಾಳೆ, ಇವನು ಬಲಕ್ಕೆ ಹಾರಿದರೆ ಅವಳು ಎಡಕ್ಕೆ. ಕೆಳಗೆ ನೀರಿನಲ್ಲಿ ಇಬ್ಬರ ಪ್ರತಿಬಿಂಬವೂ ಇದೆ. ಇನ್ನು ಅವನ ಹಿಮ್ಮಡಿ ನೀರಿಗೆ ತಾಗಿಲ್ಲ, ಇನ್ನೇನು ತಾಗಬೇಕು. ಆ ಕಾಲನ್ನು ನೀರಿಗೆ ಇಳಿಸುವವರು ಯಾರು? ನೋಡುವವರೇ, ಅಲ್ವಾ? ಪ್ರತಿ ಸಲ ನೋಡಿದಾಗಲೂ ಪಚ್ ಅನ್ನೋ ಸದ್ದು ನನಗಂತೂ ಕೇಳಿಸುತ್ತದೆ.

ಹಾಗಂತ ಸುಮ್ನೆ ಎಲ್ಲಾ ಅದೃಷ್ಟ ಅನ್ನಬೇಡಿ. ಆ ಸಂದಿಯಲ್ಲಿ ಇಣುಕಬೇಕು ಅನ್ನಿಸಿದ್ದು ಕಾರ್ತಿಯೇ-ಬ್ರೆಸಾನ್ ಅವರಿಗೆ. ಮುಖ್ಯವಾಗಿ, ರೀಲು ತೊಳೆದ ಮೇಲೆ ಇದೇ ಬೇಕು ಅಂತ ಆರಿಸಿದ್ದೂ ಅವರೇ, ಆಗ ಅವರೂ ಒಬ್ಬ ನೋಡುಗ. ನಿಮ್ಮ ವಿಷಯದಲ್ಲಿ ಆ ಆಯ್ಕೆಯ ಕೆಲಸವನ್ನು ಬೇರೆಯವರು ಮಾಡಿಕೊಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ. ಗದ್ದಲದಲ್ಲಿ ಅಷ್ಟು ಹತ್ತಿರ ನಿಂತು, ಆ ಮೂಲೆಯೂ ಫ್ರೇಮಿನೊಳಗೆ ಬರುವಷ್ಟು ಜಾಗ ಬಿಟ್ಟವರು ನೀವು. ಕೈಗಳಿಗಷ್ಟೇ ಝೂಮ್ ಮಾಡಿದ್ದರೆ ಮಗು ಸಿಗುತ್ತಲೇ ಇರಲಿಲ್ಲ.

ಒಂದು ಕೆಲಸ ಮಾಡಿ. ಆ ತೇರಿನ ದಿನ ತೆಗೆದ ಉಳಿದ ಫೋಟೋಗಳನ್ನು ಡಿಲೀಟ್ ಮಾಡಿಲ್ಲ ತಾನೇ? ಫೋನಿನಲ್ಲಿ ಬೇಡ, ದೊಡ್ಡ ಪರದೆಯಲ್ಲಿ ಹಾಕಿ, ಫೋಟೋಗ್ರಫಿ ಗಂಧವೇ ಇಲ್ಲದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಏನೂ ವಿವರಿಸಬೇಡಿ. ಅವರು ಎಲ್ಲಿ ಬೆರಳಿಟ್ಟು ತೋರಿಸುತ್ತಾರೆ ಅಂತ ನೋಡುತ್ತಾ ಹೋಗಿ.