ಫಸಲಿ 1357ರ ಪುಟಗಳು

ರಾಯಚೂರು ಕಡೆಯ ಹಿರಿಯರು ಬರೆದಿಟ್ಟು, ಯಾರೂ ಓದದೆ ಉಳಿದ ಆತ್ಮಕಥೆಗಳನ್ನು ಈಗ ಸಂಪಾದಿಸಿ ಅಚ್ಚು ಹಾಕಿಸಿದರೆ ಕಲ್ಯಾಣ ಕರ್ನಾಟಕದ ಸಾಹಿತ್ಯಕ್ಕೆ ಏನಾದರೂ ಪ್ರಯೋಜನ ಉಂಟೇ ಎಂದು ಕೇಳಿದ್ದೀರಿ. ಖಂಡಿತ ಉಂಟು. ಇಂಥ ಹಸ್ತಪ್ರತಿಗಳನ್ನು ಅಚ್ಚಿಗೆ ಸಿದ್ಧಪಡಿಸುವ ಕೆಲಸದಲ್ಲೇ ನಾನಿದ್ದೇನೆ.

ನಮ್ಮ ಭಾಗದ ಸಾಹಿತ್ಯದ ಬಗ್ಗೆ ಯಾವ ವೇದಿಕೆಯಲ್ಲಿ ಮಾತನಾಡಿದರೂ ಮಳಖೇಡದ ಕವಿರಾಜಮಾರ್ಗದಿಂದ ಹೊರಟು, ಕಲ್ಯಾಣದ ಶರಣರನ್ನೂ ರಾಯಚೂರು ಸೀಮೆಯ ದಾಸರನ್ನೂ ನೆನೆದು, ಅಲ್ಲಿಂದ ನೇರ ಹೈದರಾಬಾದ್ ವಿಮೋಚನೆಯ 1948ಕ್ಕೆ ಬಂದುಬಿಡುತ್ತಾರೆ. ನಿಜಾಮರ ಕಾಲದ ಕನ್ನಡ ‘ಕತ್ತಲು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಕಷ್ಟವಿದ್ದದ್ದು ನಿಜ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ ಇತ್ತು. ಆದರೆ ಅದೇ ಆಳ್ವಿಕೆಯಲ್ಲಿ, 1928ರಲ್ಲಿ ಕಲಬುರಗಿಯಲ್ಲೂ 1934ರಲ್ಲಿ ರಾಯಚೂರಿನಲ್ಲೂ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದವು. ಅಲ್ಲಿ ಬಂದು ಕುಳಿತ ಊರಿನವರು ಯಾರು, ಮನೆಯಲ್ಲಿ ಏನು ಓದುತ್ತಿದ್ದರು, ಕನ್ನಡ ಅಕ್ಷರ ಯಾರಿಂದ ಕಲಿತರು? ಇಂಥ ವಿವರ ಸಿಗುವುದು ಈ ಹಳೆಯ ನೋಟ್‌ಬುಕ್ಕುಗಳಲ್ಲಿ.

ಈಗ ನನ್ನ ಮೇಜಿನ ಮೇಲಿರುವುದು ನಿವೃತ್ತ ಮೇಷ್ಟರೊಬ್ಬರ ಬರಹ. ಬಾಲ್ಯವೆಲ್ಲ ಫಸಲಿ, ಅಂದರೆ ನಿಜಾಮರ ಸರ್ಕಾರ ಬಳಸುತ್ತಿದ್ದ ಕಂದಾಯ ವರ್ಷಗಳ ಲೆಕ್ಕದಲ್ಲಿದೆ. ಫಸಲಿ 1357 ಎಂದರೆ 1947ರ ಅಕ್ಟೋಬರಿನಿಂದ ಮರುವರ್ಷದ ಅಕ್ಟೋಬರಿನವರೆಗೆ. ನಿಜಾಮರ ಪರ ನಿಂತ ಸ್ವಯಂಸೇವಕ ಪಡೆಯಾದ ರಜಾಕಾರರ ಹಾವಳಿ, ಗಡಿಯಾಚೆ ಮುಂಬಯಿ ಪ್ರಾಂತ್ಯದಲ್ಲಿದ್ದ ಮುಂಡರಗಿ, ಗಜೇಂದ್ರಗಡದ ವಿಮೋಚನಾ ಹೋರಾಟಗಾರರ ಶಿಬಿರಗಳು, ಸೆಪ್ಟೆಂಬರ್ 17ರ ವಿಮೋಚನೆ, ಎಲ್ಲವೂ ಆ ಒಂದೇ ವರ್ಷದೊಳಗೆ. ಅವರು ಓದಿದ್ದು ‘ವಸ್ತಾನಿಯಾ’ದಲ್ಲಿ, ಹಗಲು ಉರ್ದುವಿನಲ್ಲಿ ಲೆಕ್ಕ, ಸಂಜೆ ಮಠದ ಕಟ್ಟೆಯಲ್ಲಿ ಮರಳ ಮೇಲೆ ಕನ್ನಡ ಕಾಗುಣಿತ. ವಸ್ತಾನಿಯಾವನ್ನು ಮಾಧ್ಯಮಿಕ ಶಾಲೆಯೆಂದು ತಿದ್ದಿ, ಫಸಲಿ ತೆಗೆದು ಇಸವಿ ಹಾಕಿದರೆ ಪುಸ್ತಕ ನಯವಾದೀತು, ಆದರೆ ಬರೆದವರು ಯಾವ ಸೀಮೆಯವರೆಂಬುದು ಅಳಿಸಿಹೋಗುತ್ತದೆ. ಹಾಗಾಗಿ ಇಸವಿ, ಅರ್ಥ ಎಲ್ಲ ಅಡಿಟಿಪ್ಪಣಿಗೆ, ಮೂಲವನ್ನು ಮುಟ್ಟುವುದಿಲ್ಲ.

ರಜಾಕಾರರಿಗೆ ಹೆದರಿ ರಾತ್ರೋರಾತ್ರಿ ಊರು ಬಿಟ್ಟದ್ದನ್ನು ಮೇಷ್ಟರು ಬರೆದಿದ್ದಾರೆ. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ‘ಪೊಲೀಸ್ ಕಾರ್ಯಾಚರಣೆ’ಯಾದ ಮೇಲೆ ಪಕ್ಕದ ಮುಸ್ಲಿಂ ಮನೆಯವರು ಪಟ್ಟ ಪಾಡನ್ನೂ ಬರೆದಿದ್ದಾರೆ. ಎರಡನೆಯದನ್ನು ಕೈಬಿಡಿ ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಆಗ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ನೋಡಿಬರಲು ನೆಹರೂ ಕಳುಹಿಸಿದ್ದ ಸುಂದರಲಾಲ್ ಸಮಿತಿಯ ವರದಿಯೇ ದಶಕಗಳ ಕಾಲ ಹೊರಬರಲಿಲ್ಲ. ಇಂಥ ಪುಟಗಳೂ ಹೋದರೆ ನಾಳೆ ಈ ನೆಲದ ಬಗ್ಗೆ ಕಥೆ, ಕಾದಂಬರಿ ಬರೆಯುವವರಿಗೆ ದಕ್ಕುವುದು ಅರ್ಧ ನೆನಪು ಮಾತ್ರ.

ನಿಮ್ಮ ಮನೆಯಲ್ಲಿ ಅಂಥ ಹಸ್ತಪ್ರತಿ ಇದ್ದರೆ ಮೊದಲು ಪ್ರತಿ ಪುಟದ ಫೋಟೋ ತೆಗೆದಿಡಿ. ಅಂಚಿನಲ್ಲಿ ಉರ್ದು ಲಿಪಿಯ ಟಿಪ್ಪಣಿಗಳಿರಬಹುದು, ಆದ್ದರಿಂದ ಉರ್ದು ಓದಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ಬರೆದವರ ಅಕ್ಕತಂಗಿಯರು ಇದ್ದರೆ ಅವರನ್ನೂ ತಪ್ಪದೆ ಮಾತನಾಡಿಸಿ. ಬೀಸುವಾಗಿನ ಹಾಡು, ಶ್ರಾವಣದ ಪುರಾಣ, ಮನೆಯೊಳಗೆ ಕನ್ನಡವನ್ನು ಉಳಿಸಿದ ಇಂಥ ಸಂಗತಿಗಳು ಗಂಡಸರ ಬರಹದಲ್ಲಿ ಬಹಳ ಸಲ ಕಾಣುವುದೇ ಇಲ್ಲ.